ಮನೆಯವರನ್ನು ಬಿಟ್ಟು

ಕುರ್ಚಿಗಳನ್ನು ಎಳೆಯಬಾರದು, ಎತ್ತಿಡಬೇಕು ಎನ್ನುವುದು ಅವನು ತನಗೆ ತಾನೇ ಹಾಕಿಕೊಂಡ ಮೊದಲ ನಿಯಮ. ಎಳೆದ ಸದ್ದು ಕೋಣೆಯಲ್ಲೇ ಉಳಿದುಬಿಡುತ್ತದೆ, ಆಮೇಲೆ ಬಂದು ಕೂತವರ ಮಾತಿನಲ್ಲಿ ಅದೇ ಕಿರಿಕಿರಿ ಕೇಳಿಸುತ್ತದೆ ಎಂದು ಅವನು ನಂಬಿದ್ದ. ಹೀಗೆ ನಂಬಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ, ಹೆಂಡತಿಯಂತೂ ವಾರಗಟ್ಟಲೆ ನಗುತ್ತಾಳೆ. ಮುದ್ರಣಾಲಯದ ಹಿಂಬದಿಯ ಈ ಉದ್ದನೆಯ ಕೋಣೆ ಮೊದಲು ಕಾಗದದ ಗೋದಾಮಾಗಿತ್ತು. ಕಾಗದದ ಕಟ್ಟುಗಳು ಒರಗಿದ್ದ ಎತ್ತರದವರೆಗೆ ಗೋಡೆ ಇನ್ನೂ ಬೆಳ್ಳಗಿತ್ತು, ಅದರ ಮೇಲಕ್ಕೆ ಹೊಗೆಬಣ್ಣ. ಕಿಟಕಿ ಒಂದೇ ಬದಿಗೆ. ಬೆಳಗಿನ ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತದೆ ಎಂದು ನೋಡಲು ಅವನು ಒಂದೊಂದು ಕುರ್ಚಿಯಲ್ಲೂ ಕೂತು ಎದ್ದ. ಕಿಟಕಿಗೆ ಎದುರಾದ ಎರಡನ್ನು ಚೂರು ಓರೆ ಮಾಡಿದ. ಬಾಗಿಲಿಗೆ ಬೆನ್ನು ಹಾಕಿ ಕೂತವರಿಗೆ ಹಿಂದಿನಿಂದ ಯಾರೋ ಬರುತ್ತಾರೆ ಅನ್ನುವ ಅಳುಕು ಇರುತ್ತದೆ, ಅದಕ್ಕೇ ದುಂಡಗಿನ ಸಾಲನ್ನು ಬಾಗಿಲ ಕಡೆ ತೆರೆದಿಟ್ಟ. ಮೂಲೆಯ ಮೇಜಿನ ಮೇಲೆ ನೀರಿನ ಜಗ್ಗು, ಲೋಟಗಳು, ಚಹಾದ ಫ್ಲಾಸ್ಕು. ಬಿಸ್ಕತ್ತನ್ನು ಪೊಟ್ಟಣದಿಂದ ತೆಗೆದು ತಟ್ಟೆಯಲ್ಲಿ ಹರಡಿದ, ಹರಡಿ ಎರಡನ್ನು ತೆಗೆದು ಜೇಬಿಗೆ ಹಾಕಿಕೊಂಡ. ತುಂಬಿದ ತಟ್ಟೆಗೆ ಯಾರೂ ಮೊದಲು ಕೈ ಹಾಕುವುದಿಲ್ಲ. ಆಗಲೇ ಯಾರೋ ತೆಗೆದುಕೊಂಡಿದ್ದಾರೆ ಅನ್ನಿಸಿದರೆ ಧೈರ್ಯ ಬರುತ್ತದೆ.

ಜಗಳವಾಡುವವರ ನಡುವೆ, ಇಲ್ಲವೇ ಜಗಳವಾಡುವಷ್ಟೂ ಮಾತು ಉಳಿಯದವರ ನಡುವೆ ಸಭೆ ನಡೆಸಿಕೊಡುವುದು ಅವನ ಕಸುಬು. ಕಾರ್ಖಾನೆಯವರು ಕರೆಯುತ್ತಿದ್ದರು, ಶಾಲೆಯವರು ಕರೆಯುತ್ತಿದ್ದರು, ಒಮ್ಮೆ ಒಂದೇ ಕಟ್ಟಡದಲ್ಲಿದ್ದು ಮೆಟ್ಟಿಲ ಮೇಲೆ ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದ ಸಂಸಾರಗಳೆಲ್ಲ ಸೇರಿ ಕರೆದಿದ್ದವು. ನಿಮ್ಮದೇನು ಕೆಲಸ ಎಂದು ಕೇಳಿದವರ ಮುಂದೆ ಬಹಳ ವರ್ಷ ತಡವರಿಸಿ, ಕೊನೆಗೆ, ಬೇರೆಯವರ ಮನೆಯಲ್ಲಿ ಆತಿಥ್ಯ ಮಾಡುವುದು ಎಂದು ಹೇಳಲು ಕಲಿತಿದ್ದ. ಹೊಸಬರಿಗೆ ಪಾಠ ಮಾಡುವಾಗಲೂ ಅದನ್ನೇ ಹೇಳುತ್ತಿದ್ದ. ಮುಂದಾಳಿನ ಹಾಗೆ ಯೋಚಿಸಬೇಡಿ, ಮನೆಗೆ ನಾಲ್ಕು ಜನರನ್ನು ಕರೆದವರ ಹಾಗೆ ಯೋಚಿಸಿ. ಮೊದಲು ಬಂದವನು ಒಬ್ಬನೇ ನಿಂತು ಗೋಡೆ ನೋಡುವ ಹಾಗೆ ಆಗಬಾರದು. ಯಾರ ಪಕ್ಕ ಯಾರು ಕೂತರೆ ಉಸಿರುಗಟ್ಟುತ್ತದೆ ಎಂದು ಗೊತ್ತಿರಬೇಕು. ಬಾಯಿಬಡುಕನಿಗೆ ಏನಾದರೂ ಕೆಲಸ ಹಚ್ಚಿ ಸುಮ್ಮನಿರಿಸಬೇಕು. ಮನೆಯವನು ಮಾತ್ರ ಕೂರಬಾರದು, ತನಗೂ ಹಸಿವಿದೆ ಎನ್ನುವುದನ್ನು ಮರೆಯಬೇಕು. ಹೊಸಬರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಹೆಂಡತಿ ಮಾತ್ರ, ನೀವು ಮನೆಗೆ ಬಂದ ಮೇಲೂ ಆ ವೇಷ ಕಳಚುವುದಿಲ್ಲ ಎನ್ನುತ್ತಿದ್ದಳು. ಮೊನ್ನೆ ಯಾವುದೋ ಮಾತಿಗೆ ಮಾತು ಬೆಳೆದು, ಅವನು ಎಂದಿನ ತಾಳ್ಮೆಯಿಂದ, ನೀನು ಹೇಳುತ್ತಿರುವುದು ನನಗೆ ಹೀಗೆ ಅರ್ಥವಾಯಿತು ಎಂದು ಶುರುಮಾಡಿದಾಗ, ಅವಳು ಮಡಚುತ್ತಿದ್ದ ಬಟ್ಟೆಯನ್ನು ಮಂಚದ ಮೇಲೆ ಬಿಸಾಕಿ, "ದಯವಿಟ್ಟು ಅರ್ಥ ಮಾಡ್ಕೋಬೇಡಿ, ಜಗಳ ಆಡಿ" ಎಂದಿದ್ದಳು. ಅವನಿಗೆ ಜಗಳವಾಡಲು ಬರಲಿಲ್ಲ. ಅವಳಿಗೆ ಒಂದು ಲೋಟ ನೀರು ತಂದುಕೊಟ್ಟ. ಅವಳು ನೀರನ್ನೂ ಅವನನ್ನೂ ಒಂದು ಗಳಿಗೆ ನೋಡಿ, ಬಟ್ಟೆಯನ್ನು ಎತ್ತಿಕೊಂಡು ಮತ್ತೆ ಮಡಚತೊಡಗಿದಳು.

ಇವತ್ತು ಕುರ್ಚಿ ಎತ್ತುವಾಗ ಅವನ ಮನಸ್ಸು ಅದರಲ್ಲಿರಲಿಲ್ಲ. ನಿನ್ನೆ ಸಂಜೆ ಅಕ್ಕ ಫೋನು ಮಾಡಿದ್ದಳು. ಅಕ್ಕ ಈ ಮುದ್ರಣಾಲಯದಲ್ಲೇ ಬೈಂಡಿಂಗ್ ವಿಭಾಗದಲ್ಲಿ ಕೂತು ಅಚ್ಚಾದ ಹಾಳೆಗಳನ್ನು ಮಡಚುವವಳು. ಮದುವೆಗೆ ಮುಂಚಿನಿಂದ ಮಡಚುತ್ತಿದ್ದಳು, ಭಾವ ತೀರಿಕೊಂಡ ಮೇಲೂ ಮಡಚುತ್ತಿದ್ದಳು. ಬರುವ ತಿಂಗಳು ಮುದ್ರಣಾಲಯ ಹೊಸ ಕಟ್ಟಡಕ್ಕೆ ಹೋಗುತ್ತದೆ. ಅಲ್ಲಿ ಮಡಚುವುದು, ಹೊಲಿಯುವುದು, ಅಂಟಿಸುವುದು ಎಲ್ಲ ಯಂತ್ರದ ಕೆಲಸ. ಬೈಂಡಿಂಗಿನವರಿಗೆ ಉಳಿದದ್ದು ಮೂರು ದಾರಿ: ಯಂತ್ರದ ಮುಂದೆ ಪಾಳಿಯಲ್ಲಿ ನಿಂತು ದುಡಿಯುವುದು, ಬರಬೇಕಾದದ್ದನ್ನು ತೆಗೆದುಕೊಂಡು ಮನೆಗೆ ಹೋಗುವುದು, ಇಲ್ಲವೇ ಪುಟ ನೋಡುವ ಕೋಣೆ. ಪುಟ ನೋಡುವ ಕೋಣೆಯಲ್ಲಿ ಕಿಟಕಿ ಪಕ್ಕ ಕೂತು, ಅಚ್ಚಾಗಿ ಬಂದ ಪುಟಗಳನ್ನು ಒಂದರ ನಂತರ ಒಂದು ಓದಿ, ತಪ್ಪಿದ್ದರೆ ಗುರುತು ಹಾಕಬೇಕು. ಅಲ್ಲಿರುವುದು ನಾಲ್ಕೇ ಜಾಗ. ಯಾರಿಗೆ ಯಾವುದು ಎಂದು ನೀವು ನೀವೇ ಕೂತು ಮಾತಾಡಿಕೊಳ್ಳಿ ಎಂದು ಮುದ್ರಣಾಲಯದ ಆಫೀಸರು ಹೇಳಿದ್ದರು, ಮಾತು ಕೈಮೀರದಿರಲಿ ಎಂದು ಅವನನ್ನು ಕರೆಸಿದ್ದರು. ಯಂತ್ರದ ಮುಂದೆ ನಿಲ್ಲಲು ಅಕ್ಕನ ಮಂಡಿ ಒಪ್ಪುವುದಿಲ್ಲ. ಮನೆಯಲ್ಲಿ ಕೂತರೆ ಮಾತಾಡಿಸಲು ಒಂದು ನರಪಿಳ್ಳೆ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮಡಚುವವರು ಓದುವುದು ತುಂಡು ತುಂಡಾಗಿ. ಒಂದು ಹಾಳೆಯ ಮೇಲೆ ಎದುರುಬದುರಾಗಿ ಬರುವ ಪುಟಗಳು ಎಲ್ಲಿನವೋ ಎಲ್ಲಿನವೋ. ಇಷ್ಟು ವರ್ಷ ಸಾವಿರಾರು ಪುಸ್ತಕ ಕೈಯಲ್ಲಿ ಹಾದುಹೋದರೂ ಯಾವ ಕಥೆಯಲ್ಲಿ ಯಾರು ಏನಾದರು ಎಂದು ತನಗೆ ಗೊತ್ತೇ ಆಗಲಿಲ್ಲ ಎಂದು ಅಕ್ಕ ನಗುತ್ತಾ ಹೇಳಿದ್ದಳು. ಆಮೇಲೆ ನಗು ನಿಲ್ಲಿಸಿ, "ನಂಗೂ ಅದು ಬೇಕು ಅಂತ ಹೇಳ್ಬೇಕು ಕಣೋ. ಅಷ್ಟೇ. ನನ್ನ ಸರದಿ ಬಂದಾಗ ಚೂರು ಕಾಯಿ, ಬಾಯಿ ಬಿಡೋಕೆ ನಂಗೆ ಹೊತ್ತಾಗತ್ತೆ" ಎಂದಳು.

ಅಕ್ಕ ತನಗೆ ಏನಾದರೂ ಬೇಕು ಎಂದದ್ದು ಅವನು ಕೇಳಿದ್ದು ಅದೇ ಮೊದಲು. ಅವನು ಆಯಿತು ಎಂದ. ಅವಳು ತನ್ನ ಅಕ್ಕ ಎಂದು ಆಫೀಸರಿಗೆ ಹೇಳಿರಲಿಲ್ಲ. ಹೇಳಲು ಎರಡು ಸಲ ಅವಕಾಶ ಸಿಕ್ಕಿತ್ತು. ಎರಡು ಸಲವೂ ಬೇರೆ ಮಾತು ತೆಗೆದಿದ್ದ. ಹೇಳಿದರೆ ಈ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಅದು ಕಾರಣವಲ್ಲ, ಅಕ್ಕನಿಗೆ ಏನು ಸಿಕ್ಕರೂ ತಮ್ಮ ಕೊಡಿಸಿದ ಎಂದು ಜನ ಆಡಿಕೊಳ್ಳುತ್ತಾರೆ, ಅದೇ ಕಾರಣ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ, ಹೇಳಿಕೊಂಡು ಅರ್ಧ ನಂಬಿದ್ದ. ಕೆಲಸ ಹಿಡಿದ ದಿನವೇ, ನಾವು ಅಲ್ಲಿ ಗುರುತಿಲ್ಲದವರ ಹಾಗೆ ಇರಬೇಕು ಎಂದು ಹೇಗೋ ಬಾಯಿಬಿಟ್ಟಾಗ ಅಕ್ಕ ತಡಮಾಡದೆ ಒಪ್ಪಿಕೊಂಡಿದ್ದಳು. "ಅದೇನು ಮಹಾ ಕಷ್ಟ ಬಿಡು. ವರ್ಷಕ್ಕೊಂದ್ಸಲ ಮುಖ ತೋರ್ಸೋನು ನೀನು." ಅದು ತಮಾಷೆಯೇ. ಅಕ್ಕನ ತಮಾಷೆಗಳು ಆ ಹೊತ್ತಿಗೆ ಚುಚ್ಚುತ್ತಿರಲಿಲ್ಲ, ಮಾರನೆಯ ದಿನ ಹಲ್ಲುಜ್ಜುವಾಗ ಚುಚ್ಚುತ್ತಿದ್ದವು.

ಕುರ್ಚಿ ಎಷ್ಟು ಬೇಕು ಎನ್ನುವುದನ್ನು ಅವನು ಎಂದೂ ಅಂಕಿಯಲ್ಲಿ ಎಣಿಸುತ್ತಿರಲಿಲ್ಲ. ಖಾಲಿ ಕುರ್ಚಿ ಒಂದು ಉಳಿದರೂ ಜನರ ಕಣ್ಣು ಅದರ ಮೇಲೇ ಇರುತ್ತದೆ, ಬರದವನೇ ದೊಡ್ಡವನಾಗುತ್ತಾನೆ. ಅದಕ್ಕೆ ಸರಿಯಾಗಿ ಎಷ್ಟು ಜನವೋ ಅಷ್ಟೇ ಕುರ್ಚಿ, ಉಳಿದವು ಉಗ್ರಾಣದೊಳಗೆ, ಉಗ್ರಾಣಕ್ಕೆ ಬೀಗ. ಎಣಿಸುವ ಕ್ರಮ ಅಮ್ಮನಿಂದ ಬಂದದ್ದು. ಕಣ್ಣು ಅರೆ ಮುಚ್ಚಿ, ಬರುವವರ ಮುಖ ಒಂದೊಂದಾಗಿ ನೆನೆದುಕೊಂಡು, ಒಂದೊಂದು ಮುಖಕ್ಕೆ ಒಂದೊಂದು ಜಾಗ ಹಾಕುತ್ತಾ ಹೋಗಬೇಕು. ಹೋದ ವಾರ ವಿಭಾಗಕ್ಕೆ ಹೋಗಿ ಎಲ್ಲರನ್ನೂ ನೋಡಿಬಂದಿದ್ದ. ಎಲ್ಲರೂ ಗೋಂದಿನಣ್ಣ ಎಂದು ಕರೆಯುವ, ಬೆರಳ ತುದಿಗಳಲ್ಲಿ ಒಣಗಿದ ಗೋಂದು ಸಿಪ್ಪೆಯೇಳುತ್ತಿದ್ದ ಮುದುಕ. ಮಾತಿಗೆ ಮುಂಚೆ ಕೆಮ್ಮುವ, ಕಾರ್ಮಿಕ ಸಂಘದವನು. ಹೊಲಿಯುವ ಹೆಂಗಸರು, ಅವರಲ್ಲಿ ಇಬ್ಬರಿಗೆ ಒಬ್ಬರನ್ನೊಬ್ಬರು ಕಂಡರಾಗದು. ಎಲ್ಲರೂ ಚಿಕ್ಕವಳೇ ಎಂದು ಕೂಗುವ, ಹೊಸದಾಗಿ ಸೇರಿದ ಹೆಣ್ಣುಮಗಳು. ಒಬ್ಬೊಬ್ಬರನ್ನೂ ಕೂರಿಸಿದ. ಕೂರಿಸುವಾಗಲೆಲ್ಲ ಅವನ ತಲೆಯ ತುಂಬ ಅಕ್ಕನೇ ಇದ್ದಳು. ಅವಳು ಬಾಯಿ ಬಿಡಲು ಎಷ್ಟು ಹೊತ್ತು ಹಿಡಿದೀತು, ಅಷ್ಟು ಹೊತ್ತು ಬೇರೆಯವರನ್ನು ಹೇಗೆ ಸುಮ್ಮನಿರಿಸುವುದು, ಅವಳ ಕಡೆ ತಾನು ನೋಡಬೇಕೋ ಬೇಡವೋ. ಚಿಕ್ಕಂದಿನಲ್ಲಿ ಅಪ್ಪನ ಮನೆಯಲ್ಲಿ ಯಾವಾಗಲೂ ಜನ. ಅಪ್ಪನ ಜೊತೆ ಕೆಲಸ ಮಾಡುವವರು, ಅಪ್ಪನ ಕಡೆಯ ನೆಂಟರು, ಯಾವುದೋ ಊರಿಗೆ ಹೋಗುತ್ತಾ ನಡುವೆ ಇಳಿದವರು. ಅಡುಗೆಮನೆಯಿಂದ ಅಮ್ಮ, ಮನೆಯವರನ್ನು ಬಿಟ್ಟು ಎಷ್ಟು ಜನ, ನೋಡ್ಕೊಂಡು ಬಾ ಎಂದು ಅವನನ್ನು ಅಟ್ಟುತ್ತಿದ್ದಳು. ಅವನು ನಡುಮನೆಯ ಬಾಗಿಲ ಹತ್ತಿರ ನಿಂತು, ತುಟಿ ಅಲ್ಲಾಡಿಸದೆ ಮುಖಗಳನ್ನು ಎಣಿಸಿ, ಓಡಿಬಂದು ಹೇಳುತ್ತಿದ್ದ. ಅಷ್ಟು ತಟ್ಟೆ. ಅವನದೂ ಒಂದು ಇರುತ್ತಿತ್ತು, ಗಂಡುಮಗು, ಬಂದವರ ಜೊತೆ ಕೂರಲಿ ಎಂದು. ಅಮ್ಮ ಬಡಿಸುವವಳು. ಅಕ್ಕ ನೀರು ಹಾಕುವವಳು.

ಜನ ಬರಲು ಶುರುವಾದಾಗ ಅವನು ಬಾಗಿಲಲ್ಲಿ ನಿಂತಿದ್ದ. ಬಾಗಿಲಲ್ಲಿ ನಿಂತಾಗ ಅವನು ಬೇರೆಯೇ ಮನುಷ್ಯ; ಬೆನ್ನು ನೆಟ್ಟಗಾಗುತ್ತಿತ್ತು, ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಗೋಂದಿನಣ್ಣನ ಕೈ ಹಿಡಿದು, ಬಿಸಿಲು ಬೀಳದ ಕುರ್ಚಿಯವರೆಗೆ ಹೋದ. ಸಂಘದವನಿಗೆ, ಎಲ್ಲರಿಗೂ ಚಹಾ ಸಿಗುವ ಹಾಗೆ ನೀವೇ ನೋಡಿಕೊಳ್ಳಬೇಕು ಎಂದು ಜವಾಬ್ದಾರಿ ಹೊರಿಸಿದ. ಭಾಷಣ ತಯಾರಿಸಿಕೊಂಡು ಬಂದಿದ್ದ ಆ ಮನುಷ್ಯ ಫ್ಲಾಸ್ಕು ಹಿಡಿದು ಓಡಾಡುವುದರಲ್ಲಿ ಅರ್ಧ ಭಾಷಣ ಮರೆತ. ಕಂಡರಾಗದ ಇಬ್ಬರು ಹೆಂಗಸರು ಎದುರುಬದುರು ಆಗದ ಹಾಗೆ, ಅಕ್ಕಪಕ್ಕವೂ ಆಗದ ಹಾಗೆ ಕೂತರು, ತಾವೇ ಆರಿಸಿಕೊಂಡೆವು ಎಂದುಕೊಂಡರು. ಅಕ್ಕ ಕೊನೆಗೆ ಬಂದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು, ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಹೆಸರು ಕೇಳಿ ಪರಿಚಯ ಮಾಡಿಕೊಳ್ಳುವವನ ಹಾಗೆ ಅವನು ತಲೆ ಬಾಗಿಸಿದ. ಅವಳೂ ಬಾಗಿಸಿದಳು, ತುಟಿಯ ಅಂಚಿನಲ್ಲಿ ನಗು ಬಂದು ಹೋಯಿತು. ಬನ್ನಿ, ಕೂತ್ಕೊಳ್ಳಿ ಎಂದು ಅವನು ಕೈ ಚಾಚಿ ತಿರುಗಿದ.

ಕೂರಲು ಕುರ್ಚಿ ಇರಲಿಲ್ಲ. ಅವನ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. ಎಲ್ಲ ಕುರ್ಚಿಗಳಲ್ಲೂ ಜನ, ಎಲ್ಲರ ಕೈಯಲ್ಲೂ ಚಹಾ, ದುಂಡಗಿನ ಸಾಲು ಅವನು ಬೆಳಿಗ್ಗೆ ಇಟ್ಟಷ್ಟೇ ಅಚ್ಚುಕಟ್ಟಾಗಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಒಂದು ಕುರ್ಚಿ ಹೆಚ್ಚಾದದ್ದುಂಟು, ಕಡಿಮೆಯಾದದ್ದಿಲ್ಲ. ಉಗ್ರಾಣದ ಬೀಗದ ಕೈ ಆಫೀಸರ ಹತ್ತಿರ. ಓಡಿಹೋಗಿ ತರಬಹುದಿತ್ತು, ಯಾರಿಗಾದರೂ ಆಗಿದ್ದರೆ ಓಡುತ್ತಿದ್ದ. ಅಕ್ಕನಿಗಾಗಿ ಓಡಿದರೆ ಅದು ಓಟದಲ್ಲೇ ಗೊತ್ತಾಗಿಬಿಡುತ್ತದೆ ಅನ್ನಿಸಿತು. ಅಷ್ಟರಲ್ಲಿ ಸಂಘದವನು, ಬನ್ನಿ ಇಲ್ಲಿ ಕೂತ್ಕೊಳ್ಳಿ ಎಂದು ಎದ್ದ, ಅಕ್ಕ ಕೈಯಾಡಿಸಿದಳು. "ಇರ್ಲಿ ಬಿಡಿ, ಇಡೀ ದಿನ ಕೂತೇ ಇರ್ತೀವಲ್ಲ ನಾವು. ನಿಂತ್ರೆ ಮಂಡಿಗೂ ಒಳ್ಳೇದು." ಮಂಡಿಯ ಈ ಸುಳ್ಳನ್ನು ಅವಳು ಹೇಳಿದ್ದು ಅವನಿಗಾಗಿಯೇ, ಅವನು ಸುಮ್ಮನಿರಲಿ ಎಂದು. ಹೇಳಿ, ಯಾರೂ ಹೇಳದಿದ್ದರೂ ಮೂಲೆಯ ಮೇಜಿನ ಹತ್ತಿರ ಹೋಗಿ, ನೀರಿನ ಜಗ್ಗಿನ ಪಕ್ಕ ಗೋಡೆಗೆ ಒರಗಿ ನಿಂತಳು. ಅಲ್ಲಿ ಅವಳು ಅವನು ಕೂರಿಸಿದ ಯಾರಿಗಿಂತಲೂ ಸರಿಯಾಗಿ ಹೊಂದಿಕೊಂಡಳು. ಅದನ್ನು ನೋಡಿ ಅವನಿಗೆ ಒಂದು ಕ್ಷಣ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು.

ಮಾತು ಶುರುವಾಯಿತು. ಕಾಗದದ ಮಡಿಕೆ ಕೂರಲೆಂದು ಉಜ್ಜುವ ಒಂದು ಮರದ ಪಟ್ಟಿಯನ್ನು ಅವನು ವಿಭಾಗದಿಂದ ಕೇಳಿ ತಂದಿದ್ದ. ಇದು ಯಾರ ಕೈಯಲ್ಲಿರುತ್ತದೋ ಮಾತು ಅವರದು, ಉಳಿದವರು ಕೇಳಬೇಕು, ಮುಗಿದ ಮೇಲೆ ಪಕ್ಕದವರ ಕೈಗೆ ಕೊಡಬೇಕು ಎಂದು ಹೇಳಿದ. ಬಂದವರ ಮನೆಯ ಸಾಮಾನನ್ನೇ ಅವರ ಕೈಗೆ ಕೊಡುವುದು ಅವನ ಹಳೆಯ ಉಪಾಯ. ಕೈಗೆ ಗೊತ್ತಿರುವುದು ಸಿಕ್ಕರೆ ನಾಲಿಗೆ ಸಡಿಲವಾಗುತ್ತದೆ. ಹಾಗೇ ಆಯಿತು. ಸಂಘದವನು ಕೆಮ್ಮಿ, ಪಟ್ಟಿಯನ್ನು ತೊಡೆಯ ಮೇಲೆ ಉಜ್ಜುತ್ತಾ, ಯಂತ್ರ ಎಂದರೆ ತನಗೆ ಭಯ, ಆದರೆ ಭಯ ಅಂತ ಹೇಳಲು ಇನ್ನೂ ಭಯ, ಕಲಿಯುತ್ತೇನೆ ಎಂದ. ಅವನ ಬಾಯಲ್ಲಿ ಇಂಥ ಮಾತನ್ನು ಯಾರೂ ನಿರೀಕ್ಷಿಸಿರಲಿಲ್ಲ. ಹೊಲಿಯುವವರಲ್ಲಿ ಒಬ್ಬಳು ಪುಟ ನೋಡುವ ಕೋಣೆ ಬೇಕು ಎಂದಳು, ಅವಳನ್ನು ಕಂಡರಾಗದವಳೂ ಬೇಕು ಎಂದಳು, ಎಂದು, ಆ ಕೋಣೆಯಲ್ಲಿ ಮಾತಾಡುವ ಹಾಗಿಲ್ಲವಂತೆ, ಅದೇ ನಮಗಿಬ್ಬರಿಗೂ ಕ್ಷೇಮ ಎಂದು ಸೇರಿಸಿದಳು. ಎಲ್ಲರೂ ನಕ್ಕರು, ಮೊದಲನೆಯವಳೂ ನಕ್ಕಳು. ಗೋಂದಿನಣ್ಣ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು, "ಜನ್ಮವಿಡೀ ಗೋಂದು ಮೂಸಿದ್ದಾಯ್ತು, ಇನ್ನು ಈ ಮೂಗಿಗೆ ರಜ ಕೊಡಿ. ನಾನು ಮನೆಗೆ ಹೋಗ್ತೀನಿ" ಎಂದ. ಎಂದು, ಪಟ್ಟಿಯನ್ನು ಎಡಕ್ಕೆ ದಾಟಿಸಿದ. ಅಕ್ಕ ನಿಂತಿದ್ದದ್ದು ಆ ಮುದುಕನ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ಪಟ್ಟಿ ಗೋಂದಿನಣ್ಣನ ಕೈಯಿಂದ ಎಡಗಡೆಯವನ ಕೈಗೆ ಹೋಯಿತು. ಅಕ್ಕನ ಕಣ್ಣು ಅದರ ಜೊತೆಯಲ್ಲೇ ಹೋಯಿತು. ಅವಳು ಬಾಯಿ ತೆರೆಯಲು ತಯಾರಾಗಿ ಉಸಿರು ಎಳೆದುಕೊಂಡಿದ್ದಳು ಎನ್ನುವುದು ಉಸಿರು ಬಿಟ್ಟಾಗ ಗೊತ್ತಾಯಿತು.

ಕೊನೆಯಲ್ಲಿ ಅವಳ ಕೈಗೆ ತಾನೇ ಕೊಡುತ್ತೇನೆ ಎಂದು ಅವನು ನಿಶ್ಚಯಿಸಿಕೊಂಡ. ಕೊನೆಯ ಮಾತಿಗೆ ತೂಕ ಹೆಚ್ಚು, ಹಾಗೆ ನೋಡಿದರೆ ಇದೇ ಒಳ್ಳೆಯದು. ಹೀಗೆ ಒಳ್ಳೆಯದು ಮಾಡಿಕೊಳ್ಳುವುದರಲ್ಲಿ ಅವನದು ಪಳಗಿದ ಕೈ. ಪಟ್ಟಿ ಸುತ್ತುತ್ತಿತ್ತು. ಯಂತ್ರ ಎಂದವರು ಯಂತ್ರ ಎಂದರು, ಮನೆ ಎಂದವರು ಮನೆ ಎಂದರು, ಪುಟ ನೋಡುವ ಕೋಣೆ ಬೇಕೆಂದವರು ಮೂವರಾದರು. ಯಾರೂ ದನಿ ಏರಿಸಲಿಲ್ಲ. ಯಾರೋ ಕೆಮ್ಮಿದಾಗ ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು. ಆಮೇಲೆ ಖಾಲಿಯಾದ ಚಹಾದ ಲೋಟಗಳನ್ನು ಸದ್ದಾಗದ ಹಾಗೆ ಎತ್ತತೊಡಗಿದಳು. ಜನ ಮಾತಿನಿಂದ ಕಣ್ಣು ತೆಗೆಯದೆ ಲೋಟವನ್ನು ಅವಳ ಕಡೆ ಚಾಚುತ್ತಿದ್ದರು. ಪಟ್ಟಿ ಕೊನೆಯ ಕುರ್ಚಿಯ ಚಿಕ್ಕವಳ ಕೈಗೆ ಬಂದಾಗ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ಅವನು ಕಾದ. ಕಾಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಎಲ್ಲರೂ ಕಾದರು. ಶಾಲೆ ಅರ್ಧಕ್ಕೆ ಬಿಟ್ಟವಳು ತಾನು, ಕೇಳಿದರೆ ಎಲ್ಲರೂ ನಗುತ್ತಾರೆ ಅಂದುಕೊಂಡಿದ್ದೆ, ಆದರೂ ಪುಟ ನೋಡುವ ಕೋಣೆಯಲ್ಲಿ ಕೂರಬೇಕು ಅಂತ ಬಹಳ ಆಸೆಯಿದೆ ಎಂದು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು. ಯಾರೂ ನಗಲಿಲ್ಲ. ಗೋಂದಿನಣ್ಣ ಮೊದಲು ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ. ನಾಲ್ಕು ಜಾಗ, ನಾಲ್ಕು ಜನ. ಅವನಿಗೆ ಮೈ ಹಗುರವಾಯಿತು. ಮಾಡಿದ ಅಡುಗೆ ಬಂದವರಿಗೆಲ್ಲ ಹದವಾಗಿ ಸಾಲಿದಾಗ ಅಮ್ಮನ ಮುಖ ಹೇಗಾಗುತ್ತಿತ್ತೋ ತನ್ನ ಮುಖವೂ ಈಗ ಹಾಗೇ ಆಗಿರಬೇಕು ಅನ್ನಿಸಿತು. ಸಾಲುತ್ತಿದ್ದದ್ದು ಹೇಗೆಂದರೆ, ಪಾತ್ರೆಯ ತಳ ಕಂಡಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಂಗೆ ಹಸಿವಿಲ್ಲ ಎನ್ನುತ್ತಿದ್ದಳು.

ಜನ ಏಳುವುದರಲ್ಲಿದ್ದರು. ಇನ್ನೂ ಒಬ್ಬರಿದ್ದಾರೆ ಎಂದು ಅವನು ಹೇಳಿದ. ಯಾರು ಎನ್ನುವ ಹಾಗೆ ಎಲ್ಲರೂ ಪಕ್ಕದವರನ್ನು ನೋಡಿಕೊಂಡರು. ಅವನು ಚಿಕ್ಕವಳ ಕೈಯಿಂದ ಪಟ್ಟಿ ತೆಗೆದುಕೊಂಡು, ಸಾಲನ್ನು ಅಡ್ಡ ಹಾಯ್ದು, ಮೇಜಿನ ಹತ್ತಿರ ಹೋಗಿ ಅಕ್ಕನ ಮುಂದೆ ಹಿಡಿದ. ಅವಳ ಎರಡೂ ಕೈಯಲ್ಲಿ ಲೋಟಗಳಿದ್ದವು. ಅವನ್ನು ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಟ್ಟಿ ತೆಗೆದುಕೊಂಡಳು. ಅದು ಅವಳ ಪಟ್ಟಿಯೇ ಇರಬೇಕು. ಹೆಬ್ಬೆರಳು ತಾನಾಗಿ ಹೋಗಿ ಸವೆದ ಗುಳಿಯಲ್ಲಿ ಕೂತಿತು. ಅವಳು ಚಿಕ್ಕವಳ ಕಡೆ ನೋಡಿದಳು. ಚಿಕ್ಕವಳು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು, ಪಕ್ಕದವಳು ಅವಳ ಬೆನ್ನು ಸವರುತ್ತಿದ್ದಳು. ಹೇಳು, ಹೇಳು ಎಂದು ಅವನು ಒಳಗೊಳಗೇ ಅಂದ. ಅವಳು ಹೇಳಿದರೆ ಐದು ಜನ ಆಗುತ್ತಾರೆ, ಚಪ್ಪಾಳೆ ತಟ್ಟಿದ ಕೈಗಳೇ ಮೇಲೇಳುತ್ತವೆ, ಬೆಳಗಿನಿಂದ ಕಟ್ಟಿದ್ದು ಕುಸಿಯುತ್ತದೆ. ಹೇಳಬೇಡ ಎಂದೂ ಒಳಗೆ ಯಾರೋ ಅಂದರು. ಯಾರೋ ಏನು, ಅವನೇ.

"ನಂದೇನಿಲ್ಲ ಸರ್," ಅಕ್ಕ ಹೇಳಿದಳು. "ಎಲ್ಲಾ ಸರಿಯಾಗಿದೆ."

ಮನೆಗೆ ಹೋಗುವವರ ಸಾಲಿಗೆ ಅವಳನ್ನು ಸೇರಿಸಿಕೊಂಡು ಸಂಘದವನು ತನ್ನ ಲೆಕ್ಕ ಮುಗಿಸಿದ. ಸರ್ ಎನ್ನುವ ಮಾತು ತಮ್ಮನ ಕಿವಿಯಲ್ಲಿ ನಿಂತುಬಿಟ್ಟಿತ್ತು. ಅವಳು ಅದನ್ನು ಹೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ, ಒಪ್ಪಿಕೊಂಡ ಮಾತಿನ ಪ್ರಕಾರ ಗುರುತಿಲ್ಲದವಳ ಹಾಗೆ ಹೇಳಿದ್ದಳು ಅಷ್ಟೇ. ವ್ಯಂಗ್ಯವಿದ್ದಿದ್ದರೆ ಹಿಡಿದುಕೊಳ್ಳಲು ಅವನಿಗೆ ಏನಾದರೂ ಸಿಗುತ್ತಿತ್ತು. ಜನ ಹೋಗುವಾಗ ಒಬ್ಬೊಬ್ಬರೂ ಅವನ ಕೈ ಹಿಡಿದು ಹೋದರು. ಕಂಡರಾಗದ ಇಬ್ಬರು ಹೆಂಗಸರು ಒಟ್ಟಿಗೆ ಹೊರಟದ್ದನ್ನು ನೋಡಿ ಗೋಂದಿನಣ್ಣ, ನೀವು ಮಾಟ ಗೀಟ ಮಾಡ್ತೀರೇನು ಎಂದು ಕೇಳಿದ. ಅವನು ನಕ್ಕ. ಬಾಗಿಲವರೆಗೆ ಹೋಗಿ ಬೀಳ್ಕೊಡುವುದು ಕೂಡ ಅವನ ನಿಯಮಗಳಲ್ಲಿ ಒಂದು. ಬಂದಾಗ ತೋರಿಸಿದ ಮುಖವನ್ನೇ ಹೋಗುವಾಗಲೂ ತೋರಿಸಬೇಕು. ತೋರಿಸಿದ.

ಆಮೇಲೆ ಆಫೀಸರು ಬಂದರು. ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದುಕೊಂಡಿರಲಿಲ್ಲ, ನಾಲ್ಕು ಜಾಗಕ್ಕೆ ನಾಲ್ಕೇ ಜನ ಬಂದದ್ದು ಹೇಗೆ, ಒಂದು ಕೂಗಿಲ್ಲ, ಒಂದು ಅರ್ಜಿಯಿಲ್ಲ ಎಂದು ಬಹಳ ಹೊಗಳಿದರು, ಇನ್ನೊಂದು ಕಚೇರಿಯವರಿಗೂ ಅವನ ಹೆಸರು ಹೇಳುತ್ತೇನೆ ಎಂದರು. ಮೂಲೆಯಲ್ಲಿ ಅಕ್ಕ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು. ಆಫೀಸರು ಆ ಕಡೆ ಗಲ್ಲ ತೋರಿಸಿ, "ಇವರು ನಿಮ್ಮ ಕಡೆಯವರಾ?" ಎಂದು ಕೇಳಿದರು. ಅದು ಮಾತಿಗೆ ಕೇಳಿದ ಪ್ರಶ್ನೆ. ಹೌದು ಎಂದರೂ ಆಗುತ್ತಿತ್ತು, ಅಲ್ಲ ಎಂದರೂ ಆಗುತ್ತಿತ್ತು. ನಮ್ಮಕ್ಕ, ಇವಳಿಗೆ ಕುರ್ಚಿ ಹಾಕುವುದನ್ನು ನಾನು ಮರೆತೆ, ಸಭೆ ಮತ್ತೊಮ್ಮೆ ಆಗಬೇಕು ಎಂದರೂ ಆಗುತ್ತಿತ್ತು. ಅವನು ಜೇಬಿಗೆ ಕೈ ಹಾಕಿದ, ಬೆಳಿಗ್ಗೆ ಹಾಕಿಕೊಂಡ ಎರಡು ಬಿಸ್ಕತ್ತು ಬೆರಳಿಗೆ ಸಿಕ್ಕವು. "ಅಲ್ಲ ಸರ್, ನಾನು ಬೈಂಡಿಂಗಿನವಳು. ಲೋಟ ತೊಳೆದಿಟ್ಟು ಹೋಗೋಣ ಅಂತ" ಎಂದು ಅಕ್ಕನೇ ಹೇಳಿದಳು. ಆಫೀಸರು ಓಹೋ ಎಂದು, ಅವನ ಭುಜ ತಟ್ಟಿ ಹೊರಟುಹೋದರು.

ಮಡಚುವ ಕುರ್ಚಿಗಳು. ಒಂದೊಂದನ್ನೇ ಮಡಚಿ ಗೋಡೆಗೆ ಒರಗಿಸಬೇಕು. ಅವನು ಶುರುಮಾಡಿದಾಗ ಅಕ್ಕ ಆ ಕಡೆಯಿಂದ ಶುರುಮಾಡಿದಳು. ಅವಳೂ ಎಳೆಯುತ್ತಿರಲಿಲ್ಲ, ಎತ್ತುತ್ತಿದ್ದಳು. ಬೆಳಿಗ್ಗೆ ಎಣಿಸಿದ್ದನ್ನು ಅವನು ಮತ್ತೆ ಎಣಿಸುತ್ತಿದ್ದ, ಗೋಂದಿನಣ್ಣ, ಸಂಘದವನು, ಹೊಲಿಯುವವರು, ಚಿಕ್ಕವಳು. ಎಲ್ಲಿ ತಪ್ಪಿತು ಎಂದು ಅವನಿಗೆ ಆಗಲೇ ಗೊತ್ತಿತ್ತು, ಗೊತ್ತಿದ್ದರೂ ಹುಡುಕುವವನ ಹಾಗೆ ಎಣಿಸುತ್ತಿದ್ದ. ಲೆಕ್ಕ ತಪ್ಪಿಬಿಟ್ಟೆ ಎಂದು ಕೊನೆಗೆ ಬಾಯಿಬಿಟ್ಟ. ಹೇಗೋ ಏನೋ, ನಿನ್ನ ಬಗ್ಗೇನೇ ಯೋಚಿಸುತ್ತಿದ್ದೆ, ಆದರೂ ತಪ್ಪಿಬಿಟ್ಟೆ. ಅಕ್ಕ ಕುರ್ಚಿ ಒರಗಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ, ಏನೋ ನೆನಪಾದವಳ ಹಾಗೆ ಕಂಡಳು.

"ಮೊದಮೊದಲು ನೀನು ನನ್ನನ್ನೂ ಸೇರ್ಸೇ ಎಣಿಸ್ತಿದ್ದೆ, ಗೊತ್ತಾ ನಿಂಗೆ? ತೀರಾ ಚಿಕ್ಕವನು ಆಗ. ಯಾವಾಗ್ಲೂ ಒಂದು ತಟ್ಟೆ ಜಾಸ್ತಿ ಆಗೋದು. ಇದು ಯಾರ್ದೋ ಅಂತ ಅಮ್ಮ ಕೇಳಿದ್ರೆ, ಅಕ್ಕಂದು ಅಂತಿದ್ದೆ, ಬಂದವರೆಲ್ಲರ ಎದುರಿಗೆ. ಕಿವಿ ಹಿಂಡಿ ಹಿಂಡಿ ಬಿಡಿಸಿದ್ಲು ಅಮ್ಮ ಆ ಅಭ್ಯಾಸಾನ."

ಅವನಿಗೆ ನೆನಪಿರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದ. ನಡುಮನೆಯ ಬಾಗಿಲು ನೆನಪಾಯಿತು, ಮುಖಗಳು ನೆನಪಾದವು, ಅಮ್ಮ ಬೆನ್ನು ತಟ್ಟಿ ಜಾಣ ಎಂದದ್ದು ನೆನಪಾಯಿತು, ಕಿವಿ ನೆನಪಾಗಲಿಲ್ಲ. ಆಫೀಸರ ಹತ್ತಿರ ಹೋಗಿ ಎಲ್ಲ ಹೇಳಿಬಿಡುತ್ತೇನೆ, ಈಗಲೇ, ಎಂದು ಅವನು ಹೊರಟ. ಅಕ್ಕ ತಡೆಯಲಿಲ್ಲ, ಏನಂತ ಹೇಳ್ತೀಯ ಎಂದು ಮಾತ್ರ ಕೇಳಿದಳು. ಆ ಹುಡುಗಿಗೆ ಸಿಕ್ಕಿದ್ದನ್ನು ಕಿತ್ತು ನನಗೆ ಕೊಡಿ ಅಂತಲಾ? ಅವನು ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ತಿರುಗಿ ಬಂದು, ಗೋಡೆಗೆ ಒರಗಿಸಿದ್ದ ಕುರ್ಚಿಗಳಲ್ಲಿ ಒಂದನ್ನು ತೆಗೆದು, ಬಿಡಿಸಿ, ಖಾಲಿ ಕೋಣೆಯ ನಡುವೆ ಬಿಸಿಲು ಬೀಳದ ಕಡೆ ಇಟ್ಟ. ಕೂತ್ಕೋ ಅಕ್ಕ ಎಂದ. ಅವಳು ಕುರ್ಚಿಯನ್ನು ನೋಡಿ, ಅವನನ್ನು ನೋಡಿ, ಮಂಡಿಗೆ ಕೈ ಊರಿ ನಿಧಾನವಾಗಿ ಕೂತಳು. ಕೂತ ಮೇಲೆ ಅವಳು ಎಷ್ಟು ದಣಿದಿದ್ದಳೆಂದು ಗೊತ್ತಾಯಿತು. ಅವನು ಮರದ ಪಟ್ಟಿಯನ್ನು ಅವಳ ಕೈಗೆ ಕೊಟ್ಟು, ಎದುರಿಗೆ ನಿಂತು ಕಾದ.

"ಈಗ ಹೇಳು."

"ಏನು?"

"ಹೇಳ್ಬೇಕು ಅಂತಿದ್ಯಲ್ಲ. ಎಷ್ಟು ಹೊತ್ತಾದ್ರೂ ಆಗ್ಲಿ."

ಅಕ್ಕ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು. ಖಾಲಿ ಕೋಣೆಯನ್ನು ಒಂದು ಸುತ್ತು ನೋಡಿದಳು, ಯಾರಾದರೂ ಉಳಿದಿದ್ದಾರೋ ಎಂದು ಹುಡುಕುವ ಹಾಗೆ.

"ನಿಂಗೊಬ್ಬಂಗೆ ಹೇಳಿದ್ರೆ ಏನು ಬಂತು? ನೀನು ಮನೆಯವನು."

ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಮಡಚಿ, ಉಳಿದವುಗಳ ಜೊತೆ ಗೋಡೆಗೆ ಒರಗಿಸಿದಳು.